ತಡವಾಗಿ ಕಾಲೇಜು ಸೇರಿದವರಿಗೆ ಸೊರೋರಿಟಿಯ ದಾರಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಗಸ್ಟ್ ಕೊನೆಗೆ ತರಗತಿಗಳು ಶುರುವಾಗುವ ಹೊತ್ತಿಗೆ ಕ್ಯಾಂಪಸ್ಸಿನ ಹುಲ್ಲುಹಾಸಿನ ಮೇಲೆ ಸಾಲು ಮೇಜುಗಳು ಬಂದು ಕೂರುತ್ತವೆ. ಪ್ರತಿ ಮೇಜಿನ ಮೇಲೆ ಒಂದೊಂದು ಸೊರೋರಿಟಿಯ, ಅಂದರೆ ವಿದ್ಯಾರ್ಥಿನಿಯರ ಸಂಘದ, ಹೆಸರಾದ ಎರಡೋ ಮೂರೋ ಗ್ರೀಕ್ ಅಕ್ಷರಗಳು, ಹಿಂದೆ ಒಂದೇ ಬಣ್ಣದ ಅಂಗಿ ತೊಟ್ಟ 19–20ರ ಹುಡುಗಿಯರು. 28ಕ್ಕೋ 35ಕ್ಕೋ ಮತ್ತೆ ಓದಲು ಬಂದ ಹೆಂಗಸು ಅಲ್ಲಿ ಹೆಜ್ಜೆ ಚುರುಕು ಮಾಡಿ ದಾಟಿಬಿಡುತ್ತಾಳೆ. ಇದು ನಿನ್ನ ವಯಸ್ಸಿನವರಿಗಲ್ಲ ಎಂದು ಆಕೆಗೆ ಯಾರೂ ಹೇಳಿರುವುದಿಲ್ಲ, ತಾನೇ ಹೇಳಿಕೊಂಡಿರುತ್ತಾಳೆ. ವಾಸ್ತವದಲ್ಲಿ ಬಹುಪಾಲು ಸೊರೋರಿಟಿಗಳ ಸದಸ್ಯತ್ವದ ನಿಯಮಗಳು ಕೇಳುವುದು ದಾಖಲಾತಿಯನ್ನು, ಅಂಕಗಳನ್ನು ಮತ್ತು ಹಿಂದೆ ಬೇರೆ ಸೊರೋರಿಟಿಗೆ ಸೇರಿದ್ದೀರಾ ಎಂಬುದನ್ನು. ವಯಸ್ಸಿಗೆ ಅಲ್ಲಿ ಗೆರೆ ಇರುವುದಿಲ್ಲ. ಆದರೆ ನಿಯಮದಲ್ಲಿಲ್ಲದ ಗೆರೆ ಆಯ್ಕೆಯ ಪದ್ಧತಿಯಲ್ಲಿದೆ. ಪದ್ಧತಿಯನ್ನೇ ಮೊದಲ ವರ್ಷದ ವಿದ್ಯಾರ್ಥಿನಿಯರಿಗಾಗಿ ಕಟ್ಟಿರುವುದರಿಂದ, ತಡವಾಗಿ ಬಂದವರು ಎಲ್ಲರೂ ನುಗ್ಗುವ ಬಾಗಿಲನ್ನು ಬಿಟ್ಟು ತಮಗೆ ತೆರೆದಿರುವ ಬಾಗಿಲನ್ನು ಗುರುತಿಸಿಕೊಳ್ಳಬೇಕಾಗುತ್ತದೆ. ಪತಿಯ ಕೆಲಸದ ನಿಮಿತ್ತ ಎಚ್-4 ವೀಸಾದಲ್ಲಿ ಬಂದು ಪದವಿಗೆ ಸೇರಿದ ಕನ್ನಡತಿಯರು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ನಿಂತುಹೋದ ಓದನ್ನು ಮುಂದುವರಿಸುತ್ತಿರುವವರು, ಸಮುದಾಯ ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಬಂದವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಸೊರೋರಿಟಿ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಲ್ಯಾಟಿನ್ನಿನಲ್ಲಿ 'ಸೊರೋರ್' ಎಂದರೆ ಸೋದರಿ. ಸಂಸ್ಕೃತದ 'ಸ್ವಸೃ' ಅದೇ ಬೇರಿನಿಂದ ಬಂದ ಮಾತು. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 1874ರಲ್ಲಿ ಹುಟ್ಟಿದ ಗಾಮಾ ಫೈ ಬೀಟಾ ಸಂಘಕ್ಕಾಗಿ ಅಲ್ಲಿನ ಲ್ಯಾಟಿನ್ ಪ್ರಾಧ್ಯಾಪಕರೊಬ್ಬರು ಈ ಪದವನ್ನು ಟಂಕಿಸಿದರು. ನಮ್ಮ ಊರುಗಳ 'ಅಕ್ಕನ ಬಳಗ'ವನ್ನು ನೆನೆದರೆ ಸೊರೋರಿಟಿಯ ಅರ್ಧ ಭಾಗ ಅರ್ಥವಾಗುತ್ತದೆ. ಪರಸ್ಪರ ಆಯ್ಕೆ, ಹೊರಗಿನವರಿಗೆ ಹೇಳಬಾರದ ದೀಕ್ಷಾವಿಧಿ, ಸೆಮಿಸ್ಟರ್ ಶುಲ್ಕ, ಸಾಯುವ ತನಕ ಉಳಿಯುವ ಸದಸ್ಯತ್ವ, ಈ ಉಳಿದರ್ಧ ಮಾತ್ರ ಅಮೆರಿಕದ್ದೇ.

ಮೊದಲ ಹೆಜ್ಜೆ: ನಿಮ್ಮ ದಾಖಲಾತಿ ಯಾವ ಬಗೆಯದು?

ಅರ್ಜಿ, ಉಡುಪು, ಮಾತು ಎಲ್ಲಕ್ಕೂ ಮುಂಚೆ ನೋಡಬೇಕಾದದ್ದು ವಿಶ್ವವಿದ್ಯಾಲಯದ ದಾಖಲೆಯಲ್ಲಿ ನೀವು ಯಾರು ಎಂಬುದನ್ನು. ಪದವಿ ತರಗತಿಗೆ ಪೂರ್ಣಾವಧಿ ದಾಖಲಾಗಿರುವವರಿಗೆ ಬಹುತೇಕ ಎಲ್ಲ ಸೊರೋರಿಟಿಗಳೂ ಕಾಗದದ ಮೇಲೆ ತೆರೆದಿರುತ್ತವೆ. ಅರೆಕಾಲಿಕ ದಾಖಲಾತಿ, ಸಂಜೆ ತರಗತಿ, ಪೂರ್ತಿ ಆನ್‌ಲೈನ್ ಪದವಿ, ಇವುಗಳಲ್ಲಿರುವವರ ವಿಷಯದಲ್ಲಿ ನಿಯಮ ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ಬದಲಾಗುತ್ತದೆ. ಹೀಗಾಗಿ 'ಫ್ರೆಟರ್ನಿಟಿ ಅಂಡ್ ಸೊರೋರಿಟಿ ಲೈಫ್' ಎಂಬ ಹೆಸರಿನ ಕಚೇರಿಗೆ ಒಂದು ಸಣ್ಣ ಮಿಂಚಂಚೆ ಬರೆದು ಕೇಳಿಬಿಡುವುದೇ ಸರಿಯಾದ ದಾರಿ. ವಯಸ್ಸನ್ನು ಆ ಪತ್ರದಲ್ಲಿ ಹೇಳುವ ಅಗತ್ಯವಿಲ್ಲ. ಯಾವ ತರಗತಿ, ಎಷ್ಟು ಕ್ರೆಡಿಟ್, ವರ್ಗವಾಗಿ ಬಂದಿದ್ದರೆ ಎಲ್ಲಿಂದ, ಪದವಿ ಮುಗಿಯಲು ಎಷ್ಟು ಸೆಮಿಸ್ಟರ್ ಉಳಿದಿದೆ ಎಂಬಿಷ್ಟು ಸಾಕು. ಕೊನೆಯ ಅಂಶ ಮುಖ್ಯವಾದದ್ದು. ಅದರ ಕಾರಣ ಮುಂದೆ ಬರುತ್ತದೆ.

ಅಂಕಗಳ ಕಡೆಗೂ ಒಂದು ನೋಟ ಬೇಕು. ಪ್ರತಿ ಸಂಘಕ್ಕೂ ತನ್ನದೇ ಕನಿಷ್ಠ ಜಿಪಿಎ (ಅಂಕಗಳ ಸರಾಸರಿ) ಇರುತ್ತದೆ. ಹೊಸದಾಗಿ ಸೇರಿದವರಿಗೆ ಅಮೆರಿಕದ ಜಿಪಿಎ ಇನ್ನೂ ಇರುವುದಿಲ್ಲವಾದ್ದರಿಂದ ಹಳೆಯ ಅಂಕಪಟ್ಟಿಯನ್ನು ಕೇಳುತ್ತಾರೆ. 12 ವರ್ಷದ ಹಿಂದೆ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಅರ್ಧಕ್ಕೆ ಬಿಟ್ಟ ಪದವಿಯ ಶೇಕಡಾವಾರು ಅಂಕಗಳನ್ನು ಹುಡುಕಿ, ಪರಿವರ್ತನೆ ಮಾಡಿಸಿ ಕೊಡುವುದಕ್ಕಿಂತ ಒಂದು ಸೆಮಿಸ್ಟರ್ ಇಲ್ಲೇ ಚೆನ್ನಾಗಿ ಓದಿ ಹೊಸ ಜಿಪಿಎಯನ್ನು ಮುಂದಿಡುವುದು ಎಷ್ಟೋ ಸುಲಭ. ತಡವಾಗಿ ಓದಲು ಬಂದವರ ಅಂಕಗಳು ಸಾಮಾನ್ಯವಾಗಿ ಅವರ ಪರವಾಗಿಯೇ ಮಾತನಾಡುತ್ತವೆ.

ವಿದ್ಯಾರ್ಥಿಗಳ ಎಫ್-1 ಆಗಲಿ ಎಚ್-4 ಆಗಲಿ, ಸಂಘದ ಸದಸ್ಯರಾಗುವುದಕ್ಕೆ ವೀಸಾ ಅಡ್ಡ ಬರುವುದಿಲ್ಲ, ಸದಸ್ಯತ್ವ ಉದ್ಯೋಗವಲ್ಲ. ಸಂಘದ ಮನೆಯಲ್ಲಿ ಸಂಬಳಕ್ಕೆ ಮೇಲ್ವಿಚಾರಕಿಯಾಗಿ ಕೆಲಸ ಮಾಡುವ ಮಾತು ಬಂದರೆ ಅದು ಬೇರೆ ಪ್ರಶ್ನೆ. ಒಪ್ಪಿಕೊಳ್ಳುವ ಮುಂಚೆ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಲೇಬೇಕು.

ಎರಡನೆಯ ಹೆಜ್ಜೆ: ಯಾವ ಕುಟುಂಬದ ಸೊರೋರಿಟಿ?

ಹೊರಗಿನಿಂದ ನೋಡುವವರಿಗೆ ಎಲ್ಲ ಗ್ರೀಕ್ ಅಕ್ಷರಗಳೂ ಒಂದೇ. ಒಳಗೆ ಮಾತ್ರ ಬೇರೆ ಬೇರೆ ಕುಟುಂಬಗಳಿವೆ, ಒಂದೊಂದರ ನಡೆಯೂ ಬೇರೆ. ನಿಮ್ಮ ವಯಸ್ಸು ಎಷ್ಟು ಭಾರವಾಗುತ್ತದೆ ಎಂಬುದು ನೀವು ಯಾವ ಕುಟುಂಬದ ಮನೆಗೆ ಹೋಗುತ್ತೀರಿ ಎಂಬುದರ ಮೇಲೆಯೇ ಹೆಚ್ಚು ನಿಂತಿದೆ.

ಎಲ್ಲಕ್ಕಿಂತ ದೊಡ್ಡದು 1902ರಲ್ಲಿ ರೂಪುಗೊಂಡ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್. 26 ಸೊರೋರಿಟಿಗಳ ಒಕ್ಕೂಟ. ಕಂಬಗಳ ಬಿಳಿಮನೆ, ಒಂದೇ ಬಗೆಯ ಉಡುಪಿನ ಹುಡುಗಿಯರ ನೃತ್ಯ, ಟಿಕ್‌ಟಾಕ್‌ನಲ್ಲಿ ಹರಿದಾಡುವ 'ಬಾಮಾ ರಶ್' (ಅಲಬಾಮಾ ವಿಶ್ವವಿದ್ಯಾಲಯದ ಆಯ್ಕೆ ಸುತ್ತುಗಳು), ಇವೆಲ್ಲ ಈ ಕುಟುಂಬದವು. ಆಲ್ಫಾ ಡೆಲ್ಟಾ ಪೈ, ಕಾಪಾ ಆಲ್ಫಾ ಥೀಟಾ, ಜೀಟಾ ಟಾವ್ ಆಲ್ಫಾ ಮುಂತಾದವು ಇದರ ಸದಸ್ಯ ಸಂಘಗಳು. ನಾಲ್ಕು ವರ್ಷ ಕ್ಯಾಂಪಸ್ಸಿನಲ್ಲೇ ಇರುವ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಲ್ಲಿಯ ವ್ಯವಸ್ಥೆಯೆಲ್ಲ ನಡೆಯುತ್ತದೆ.

ಹೆಸರಿನಲ್ಲಿ ಬಹುತೇಕ ಅದೇ ಎನಿಸಿದರೂ ಪೂರ್ತಿ ಬೇರೆಯಾದದ್ದು ನ್ಯಾಷನಲ್ ಪ್ಯಾನ್-ಹೆಲೆನಿಕ್ ಕೌನ್ಸಿಲ್. ಕಪ್ಪು ಜನರ ಒಂಬತ್ತು ಐತಿಹಾಸಿಕ ಸಂಘಗಳ ಈ ಒಕ್ಕೂಟ 1930ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದರಲ್ಲಿ ನಾಲ್ಕು ಸೊರೋರಿಟಿಗಳು: ಆಲ್ಫಾ ಕಾಪಾ ಆಲ್ಫಾ (1908), ಡೆಲ್ಟಾ ಸಿಗ್ಮಾ ಥೀಟಾ (1913), ಜೀಟಾ ಫೈ ಬೀಟಾ (1920), ಸಿಗ್ಮಾ ಗಾಮಾ ರೋ (1922). ವಯಸ್ಸಿನ ಪ್ರಶ್ನೆಗೆ ಈ ಕುಟುಂಬದ ಉತ್ತರವೇ ಬೇರೆ, ಏಕೆಂದರೆ ಇಲ್ಲಿ ಸೊರೋರಿಟಿಯ ಜೀವ ಕಾಲೇಜಿನ ಆಚೆಗೆ, ಪದವೀಧರರ ಚಾಪ್ಟರುಗಳಲ್ಲಿ, ಅಂದರೆ ಸ್ಥಳೀಯ ಶಾಖೆಗಳಲ್ಲಿ, ಇದೆ. ಸಿಗ್ಮಾ ಗಾಮಾ ರೋವನ್ನು ಇಂಡಿಯಾನಾಪೊಲಿಸ್‌ನಲ್ಲಿ ಕಟ್ಟಿದ ಏಳು ಮಂದಿಯೂ ಶಾಲಾ ಶಿಕ್ಷಕಿಯರು, ಅಂದರೆ ದುಡಿಯುತ್ತಿದ್ದ ಹೆಂಗಸರು. ಕಮಲಾ ಹ್ಯಾರಿಸ್ ಹೋವರ್ಡ್‌ನಲ್ಲಿ ಆಲ್ಫಾ ಕಾಪಾ ಆಲ್ಫಾ ಸೇರಿದ್ದು 1986ರಲ್ಲಿ, ಪದವಿ ಮುಗಿದ ವರ್ಷವೇ. ಕೊನೆಯ ವರ್ಷದಲ್ಲಿ ಸೇರುವುದು ಈ ಸಂಘಗಳಲ್ಲಿ ಅಪರೂಪವಲ್ಲ. ಆಗಲೇ ಪದವಿ ಇರುವವರು ಪದವೀಧರರ ಚಾಪ್ಟರ್ ಮೂಲಕ ಬರಲು ಅವಕಾಶವಿದೆ, ಆದರೆ ಅದು ಅರ್ಜಿ ತುಂಬಿ ಸಾಲಿನಲ್ಲಿ ನಿಲ್ಲುವ ಕೆಲಸವಲ್ಲ. ವರ್ಷಗಟ್ಟಲೆ ಅವರ ಸೇವಾಕಾರ್ಯಗಳಲ್ಲಿ ಕಾಣಿಸಿಕೊಂಡು, ಪರಿಚಯ ಬೆಳೆದು, ಅವರಾಗಿ ಕರೆದರೆ ಹೋಗುವುದು. ಆಸಕ್ತಿಯನ್ನು ಊರಿಗೆಲ್ಲ ಸಾರಿಕೊಳ್ಳುವುದನ್ನು ಇಲ್ಲಿ ಯಾರೂ ಮೆಚ್ಚುವುದಿಲ್ಲ. ಒಂದು ಮಾತನ್ನು ನೇರವಾಗಿ ಹೇಳಬೇಕು: ಕಪ್ಪು ಹೆಂಗಸರು ತಮ್ಮನ್ನು ಹೊರಗಿಟ್ಟ ಕಾಲದಲ್ಲಿ ತಮಗಾಗಿ ಕಟ್ಟಿಕೊಂಡ ಮನೆ ಅದು. ಬೇರೆಯವರಿಗೆ ಬಾಗಿಲು ಮುಚ್ಚಿಲ್ಲ, ನಿಜ. ಆದರೆ ಆ ಚರಿತ್ರೆಯ ಕೆಲಸದಲ್ಲಿ ಮನಸ್ಸಿಲ್ಲದೆ ಸುಲಭದ ದಾರಿಯೆಂದು ಅಲ್ಲಿಗೆ ಹೋಗುವುದು ಸಲ್ಲದು.

ಕನ್ನಡತಿಯರಿಗೆ ಸಹಜವಾಗಿ ಹತ್ತಿರವೆನಿಸುವುದು ದಕ್ಷಿಣ ಏಷ್ಯಾ ಮೂಲದ ಸೊರೋರಿಟಿಗಳು. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ ಕಾಪಾ ಫೈ ಗಾಮಾ, ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಫೈ ಒಮೇಗಾ, ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ, ಈ ಮೂರೂ 1998ರಲ್ಲೇ ಹುಟ್ಟಿದವು. ಮರುವರ್ಷ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಕಾಪಾ ಡೆಲ್ಟಾ ಬಂದಿತು. ಇವುಗಳ ಚಾಪ್ಟರುಗಳು ಚಿಕ್ಕವು, ದೊಡ್ಡ ಮನೆಗಳಿಲ್ಲ, ಒಂದು ಸೆಮಿಸ್ಟರಿಗೆ ಸೇರುವವರು ಬೆರಳೆಣಿಕೆಯಷ್ಟು. ಆದ್ದರಿಂದ ನಿಮ್ಮ ಹೆಸರು, ಕತೆ, ಮನೆಯ ಪರಿಸ್ಥಿತಿ ಎಲ್ಲವನ್ನೂ ಕೇಳಲು ಅವರಿಗೆ ವ್ಯವಧಾನವಿರುತ್ತದೆ. ಆದರೆ ಅಲ್ಲಿಯ ಹೆಚ್ಚಿನ ಹುಡುಗಿಯರು ಅಮೆರಿಕದಲ್ಲೇ ಬೆಳೆದವರು. ಭಾರತದಲ್ಲಿ ಬೆಳೆದು ಬಂದ 30ರ ಹೆಂಗಸನ್ನು ಅವರು ತಮ್ಮ ಜೊತೆಯವಳೆಂದು ಕಾಣುವ ಮೊದಲು 'ಆಂಟಿ' ಎಂದು ಕಾಣುವ ಸಾಧ್ಯತೆ, ಬಿಳಿ ಹುಡುಗಿಯರ ಮನೆಗಿಂತ ಇಲ್ಲಿಯೇ ಹೆಚ್ಚು. ಇದನ್ನು ಮೊದಲೇ ತಿಳಿದಿದ್ದರೆ ನಕ್ಕು ದಾಟಬಹುದು.

ಓದುತ್ತಿರುವುದು ಎಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಆಗಿದ್ದರೆ ಮಾರ್ಕೆಟ್ (Marquette) ವಿಶ್ವವಿದ್ಯಾಲಯದಲ್ಲಿ 1983ರಲ್ಲಿ ಆರಂಭವಾದ ಆಲ್ಫಾ ಒಮೇಗಾ ಎಪ್ಸಿಲಾನ್, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಆರಂಭವಾದ ಫೈ ಸಿಗ್ಮಾ ರೋ, ಇವುಗಳ ಚಾಪ್ಟರ್ ನಿಮ್ಮ ಕ್ಯಾಂಪಸ್ಸಿನಲ್ಲಿದೆಯೇ ನೋಡಿ. ಪ್ರಯೋಗಾಲಯ, ಇಂಟರ್ನ್‌ಶಿಪ್, ಪ್ರಾಜೆಕ್ಟುಗಳ ಕಷ್ಟ ಒಂದೇ ಆಗಿರುವ ಕಡೆ ವಯಸ್ಸಿನ ಅಂತರ ಬೇಗ ಕರಗುತ್ತದೆ. ಕೆಲಸ ಮಾಡಿ ಬಂದವರ ಅನುಭವಕ್ಕೆ ಅಲ್ಲಿ ಬೆಲೆಯೂ ಇದೆ.

ಮೂರನೆಯ ಹೆಜ್ಜೆ: ರಶ್ ಬೇಕೇ, ಬೇಡವೇ?

ಪ್ಯಾನ್‌ಹೆಲೆನಿಕ್ ಸೊರೋರಿಟಿಯನ್ನೇ ಸೇರಬೇಕೆಂದು ನಿರ್ಧರಿಸಿದವರು ತಪ್ಪದೆ ಅರಿಯಬೇಕಾದ ವಿಷಯವಿದು. ವಯಸ್ಸು ಯಾವ ಹಂತದಲ್ಲಿ, ಯಾವ ಲೆಕ್ಕದಲ್ಲಿ ಅಡ್ಡ ಬರುತ್ತದೆ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಜನರ ಬಾಯಲ್ಲಿ 'ರಶ್', ಕಾಗದದಲ್ಲಿ 'ಪ್ರೈಮರಿ ರಿಕ್ರೂಟ್‌ಮೆಂಟ್' ಎನಿಸಿಕೊಳ್ಳುವ ಸುತ್ತುಗಳು ಹೆಚ್ಚಿನ ಕಡೆ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ, ಕೆಲವೆಡೆ ಜನವರಿಯಲ್ಲಿ ನಡೆಯುತ್ತವೆ. ಮೊದಲ ಸುತ್ತಿನಲ್ಲಿ ಎಲ್ಲ ಚಾಪ್ಟರುಗಳ ಭೇಟಿ. ಆಮೇಲೆ ಸೇವಾಕಾರ್ಯದ ಸುತ್ತು, ಸಿಸ್ಟರ್‌ಹುಡ್ ಸುತ್ತು, ಕೊನೆಗೆ ಎರಡೋ ಮೂರೋ ಚಾಪ್ಟರುಗಳಷ್ಟೇ ಉಳಿಯುವ ಪ್ರಿಫರೆನ್ಸ್ ಸುತ್ತು. ಪ್ರತಿ ಸುತ್ತಿನ ಕೊನೆಗೆ ನೀವು ಚಾಪ್ಟರುಗಳನ್ನು ಇಷ್ಟದ ಕ್ರಮದಲ್ಲಿ ಜೋಡಿಸುತ್ತೀರಿ, ಅವರೂ ನಿಮ್ಮಂಥವರನ್ನು ಜೋಡಿಸುತ್ತಾರೆ, ಗಣಕಯಂತ್ರ ಎರಡನ್ನೂ ತಾಳೆ ಹಾಕುತ್ತದೆ. ಕೊನೆಯ ದಿನ ಬರುವ ಆಹ್ವಾನಕ್ಕೆ 'ಬಿಡ್' ಎಂದು ಹೆಸರು. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಇತ್ತೀಚಿನ ವರ್ಷಗಳಲ್ಲಿ 2,500ಕ್ಕೂ ಹೆಚ್ಚು ಹೆಣ್ಣುಮಕ್ಕಳು ಈ ಸುತ್ತುಗಳಿಗೆ ಹೆಸರು ನೋಂದಾಯಿಸಿದ್ದಾರೆ. ಅಷ್ಟು ಜನರ ನಡುವೆ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷಗಳ ಮಾತು.

ವಯಸ್ಸು ಕೆಲಸ ಮಾಡುವುದು ಇಲ್ಲಿಯ ಲೆಕ್ಕದಲ್ಲಿ. ಪ್ರತಿ ಚಾಪ್ಟರ್ ಎಷ್ಟು ಹೊಸಬರನ್ನು ತೆಗೆದುಕೊಳ್ಳಬಹುದು ಎಂಬುದಕ್ಕೆ 'ಕೋಟಾ' ಇರುತ್ತದೆ. ಮೊದಲ ವರ್ಷದ ಹುಡುಗಿ ಒಂದು ಜಾಗ ತುಂಬಿದರೆ ಚಾಪ್ಟರಿಗೆ ನಾಲ್ಕು ವರ್ಷದ ಶುಲ್ಕ, ನಾಲ್ಕು ವರ್ಷದ ದುಡಿಮೆ, ಮುಂದೊಂದು ದಿನ ಅಧ್ಯಕ್ಷೆಯಾಗಬಲ್ಲವಳೊಬ್ಬಳು ಸಿಗುತ್ತಾಳೆ. ಮೂರನೆಯ ವರ್ಷದವರು ಅದೇ ಜಾಗ ತುಂಬಿದರೆ ಎರಡು ವರ್ಷ ಮಾತ್ರ. ಹಾಗಾಗಿ 22ರ ಮೂರನೆಯ ವರ್ಷದವಳಿಗೂ 34ರ ಮೂರನೆಯ ವರ್ಷದವಳಿಗೂ ಎದುರಾಗುವ ತೊಡಕು ಬಹುಮಟ್ಟಿಗೆ ಒಂದೇ, ಉಳಿದಿರುವ ಸೆಮಿಸ್ಟರುಗಳದು. ಮೊದಲ ಪತ್ರದಲ್ಲಿಯೇ ಅದನ್ನು ಹೇಳಿ ಎಂದದ್ದು ಇದಕ್ಕೇ. ಕೆಲವು ಕ್ಯಾಂಪಸ್ಸುಗಳಲ್ಲಿ ಮೇಲಿನ ವರ್ಷದವರಿಗೆ ಪ್ರತ್ಯೇಕ ಕೋಟಾ ಇಡುತ್ತಾರೆ, ಅಲ್ಲಿ ರಶ್ ನಿಮಗೂ ಅರ್ಥವಿರುವ ಮಾತು. ಕಚೇರಿಯವರನ್ನು ಕೇಳಬೇಕಾದ ಎರಡನೆಯ ಪ್ರಶ್ನೆ ಇದೇ.

ಅಂಥ ಕೋಟಾ ಇಲ್ಲದ ದೊಡ್ಡ ಕ್ಯಾಂಪಸ್ಸಿನಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ರಶ್‌ಗೆ ಇಳಿಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಯ ನಿರಾಕರಣೆ ನಿಮ್ಮ ಗುಣಕ್ಕೆ ಸಂಬಂಧಿಸಿದ್ದಲ್ಲದಿದ್ದರೂ ಒಂದು ವಾರ ಬಿಸಿಲಿನಲ್ಲಿ ಓಡಾಡಿ ಅದನ್ನು ಅನುಭವಿಸುವುದು ಯಾರಿಗೂ ಬೇಕಾಗಿಲ್ಲ. ಅದರ ಬದಲಿಗೆ 'ಕಂಟಿನ್ಯೂಯಸ್ ಓಪನ್ ಬಿಡ್ಡಿಂಗ್', ಚಿಕ್ಕದಾಗಿ ಸಿಓಬಿ, ಎಂಬ ದಾರಿಯನ್ನು ಹಿಡಿಯಿರಿ. ಪ್ರತಿ ಚಾಪ್ಟರಿಗೂ ಒಟ್ಟು ಸದಸ್ಯರ ಮಿತಿಯೊಂದಿದೆ. ರಶ್ ಮುಗಿದ ಮೇಲೂ ಆ ಮಿತಿ ತುಂಬದವರು ವರ್ಷದ ಉಳಿದ ಅವಧಿಯಲ್ಲಿ ಸುತ್ತುಗಳ ಗೊಡವೆಯಿಲ್ಲದೆ ನೇರವಾಗಿ ಬಿಡ್ ಕೊಡಬಹುದು. ಕಾಫಿಗೆ ಕರೆಯುತ್ತಾರೆ, ಯಾವುದಾದರೂ ಸೇವಾಕಾರ್ಯಕ್ಕೆ ಬನ್ನಿ ಎನ್ನುತ್ತಾರೆ, ಎರಡು ಮೂರು ಭೇಟಿಯಲ್ಲಿ ಇಬ್ಬರಿಗೂ ಒಪ್ಪಿಗೆಯಾದರೆ ಬಿಡ್ ಬರುತ್ತದೆ. ಅರ್ಧ ಗಂಟೆ ಕುಳಿತು ಮಾತಾಡುವ ಅವಕಾಶ ಸಿಕ್ಕರೆ ತಡವಾಗಿ ಬಂದವರು ಚೆನ್ನಾಗಿ ಮಾತಾಡಬಲ್ಲರು. ರಶ್ ಮುಗಿದ ಮರುವಾರವೇ ಕಚೇರಿಗೆ ಬರೆದು, ಯಾವ ಚಾಪ್ಟರುಗಳು ಸಿಓಬಿ ಮಾಡುತ್ತಿವೆ ಎಂಬ ಪಟ್ಟಿ ಕೇಳಿ, ಆಸಕ್ತರ ಪಟ್ಟಿಗೆ ನಿಮ್ಮ ಹೆಸರನ್ನೂ ಸೇರಿಸಲು ಹೇಳಿ. ಮಿತಿ ತುಂಬದ ಚಾಪ್ಟರ್ ಎಂದರೆ ಕಳಪೆ ಚಾಪ್ಟರ್ ಎಂದು ಕ್ಯಾಂಪಸ್ಸಿನ ಹುಡುಗಿಯರು ಮಾತಾಡಿಕೊಳ್ಳುವುದುಂಟು. ಹುಡುಗಿಯರ ಈ ಶ್ರೇಣೀಕರಣವನ್ನು ಕಿವಿಗೆ ಹಾಕಿಕೊಳ್ಳದಿರುವ ವಯಸ್ಸು ನಿಮ್ಮದು.

ರಶ್‌ಗೇ ಇಳಿದವರಿಗೆ ಒಂದು ಎಚ್ಚರಿಕೆ. ಪ್ರಿಫರೆನ್ಸ್ ಸುತ್ತಿನ ಬಳಿಕ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ನೀವು ಬರೆದ ಚಾಪ್ಟರಿನಿಂದ ಬಿಡ್ ಬಂದು, ಅದನ್ನು ಬೇಡವೆಂದರೆ, ಆ ಕ್ಯಾಂಪಸ್ಸಿನಲ್ಲಿ ಮುಂದಿನ ಪ್ರೈಮರಿ ರಿಕ್ರೂಟ್‌ಮೆಂಟ್ ತನಕ ಬೇರೆ ಯಾವ ಪ್ಯಾನ್‌ಹೆಲೆನಿಕ್ ಸೊರೋರಿಟಿಗೂ ಸೇರುವಂತಿಲ್ಲ. ನಾಲ್ಕು ವರ್ಷ ಇರುವವರಿಗೆ ಒಂದು ವರ್ಷ ಕಾಯುವುದು ದೊಡ್ಡದಲ್ಲ. ಎರಡೇ ವರ್ಷ ಉಳಿದವರಿಗೆ ಅದು ಅರ್ಧ ಆಯುಷ್ಯ. ಸೇರಲು ಮನಸ್ಸಿಲ್ಲದ ಹೆಸರನ್ನು ಬರೆಯಲೇಬೇಡಿ. ಹಾಗೆಯೇ ಒಮ್ಮೆ ದೀಕ್ಷೆಯಾದ ಮೇಲೆ, ಆ 26 ಸಂಘಗಳಲ್ಲಿ ಇನ್ನೊಂದಕ್ಕೆ ಎಂದೂ ಸೇರಲಾಗದು. 18ನೇ ವಯಸ್ಸಿನಲ್ಲಿ ಒಂದಕ್ಕೆ ಸೇರಿ, ಓದು ಬಿಟ್ಟು, ಈಗ ಮರಳಿ ಬಂದವರು ತಮ್ಮ ಹಳೆಯ ಸಂಘದ ಕೇಂದ್ರ ಕಚೇರಿಯನ್ನೇ ಸಂಪರ್ಕಿಸಬೇಕು. ಹೊಸ ಬಾಗಿಲು ತಟ್ಟಿ ಪ್ರಯೋಜನವಿಲ್ಲ.

ನಾಲ್ಕನೆಯ ಹೆಜ್ಜೆ: ದುಡ್ಡು, ಸಮಯ, ಮನೆ

ಶುಲ್ಕವನ್ನು ಕೇಳುವುದಕ್ಕೆ ಸಂಕೋಚ ಬೇಡ. ಸಣ್ಣ ಚಾಪ್ಟರುಗಳಲ್ಲಿ ಸೆಮಿಸ್ಟರಿಗೆ ಕೆಲವು ನೂರು ಡಾಲರುಗಳಲ್ಲಿ ಮುಗಿಯುತ್ತದೆ. ದಕ್ಷಿಣದ ದೊಡ್ಡ ಕ್ಯಾಂಪಸ್ಸುಗಳಲ್ಲಿ ಸಂಘದ ಮನೆಯಲ್ಲಿ ವಾಸಿಸದವರಿಗೂ ಸಾವಿರಾರು ಡಾಲರ್ ಆಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಹೊಸ ಸದಸ್ಯರ ಶುಲ್ಕ, ದೀಕ್ಷೆಯ ಶುಲ್ಕ, ಬ್ಯಾಡ್ಜಿನ ಬೆಲೆ ಸೇರಿ ಮೊತ್ತ ಏರುತ್ತದೆ. ಇದಲ್ಲದೆ ಅಂಗಿ, ಕಾಣಿಕೆ, ಕಾರ್ಯಕ್ರಮಗಳ ಖರ್ಚು, ಸಭೆ ತಪ್ಪಿಸಿದರೆ ದಂಡ. ಒಂದು ಕಾಗದದ ಮೇಲೆ ಎಲ್ಲವನ್ನೂ ಬರೆದು ಕೊಡಿ ಎಂದು ಖಜಾಂಚಿಯನ್ನು ಕೇಳಿ. ಮನೆ ನಡೆಸಿದವರು ಕೇಳುವ ಪ್ರಶ್ನೆಗಳನ್ನು 18ರವರು ಕೇಳುವುದಿಲ್ಲವಾದ್ದರಿಂದ ಆಕೆ ಸ್ವಲ್ಪ ತಬ್ಬಿಬ್ಬಾಗಬಹುದು, ಅಷ್ಟೆ.

ದುಡ್ಡಿಗಿಂತ ಬಿಗಿಯಾದದ್ದು ಸಮಯ. ವಾರಕ್ಕೊಂದು ಚಾಪ್ಟರ್ ಸಭೆ, ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರದ ಸಂಜೆ. ಮಕ್ಕಳಿಗೆ ಊಟ ಹಾಕಿ ಮಲಗಿಸುವ ಹೊತ್ತಿಗೇ ಅದು ಬರುತ್ತದೆ. ಕಡ್ಡಾಯದ ಕಾರ್ಯಕ್ರಮಗಳು ಯಾವುವು, ವಿನಾಯಿತಿ ಕೇಳುವ ಕ್ರಮ ಯಾವುದು, ನೌಕರಿಯ ಪಾಳಿ ಮತ್ತು ಮಗುವಿನ ಕಾಯಿಲೆ ವಿನಾಯಿತಿಗೆ ಸಾಕಾದ ಕಾರಣಗಳೇ ಎಂಬುದನ್ನು ಬಿಡ್ ಒಪ್ಪುವ ಮುಂಚೆ ತಿಳಿಯಬೇಕು. ಮುಂದಿನ ವರ್ಷ ರಶ್ ನಡೆಸಿಕೊಡುವವರ ಸಾಲಿನಲ್ಲಿ ನೀವಿರುತ್ತೀರಿ ಎಂಬುದನ್ನೂ ನೆನಪಿಡಿ. ತರಗತಿ ಶುರುವಾಗುವ ಮುಂಚಿನ ಒಂದೆರಡು ವಾರ ಬೆಳಗಿನಿಂದ ರಾತ್ರಿಯವರೆಗೆ ಆ ಕೆಲಸಕ್ಕೇ ಹೋಗುತ್ತದೆ, ಆ ಹೊತ್ತಿಗೆ ಬೆಂಗಳೂರಿಗೆ ಟಿಕೆಟ್ ತೆಗೆಸಿದ್ದರೆ ತೊಂದರೆ.

ಮನೆಯಿರುವ ಚಾಪ್ಟರುಗಳಲ್ಲಿ ಒಂದು ವರ್ಷವಾದರೂ ಅಲ್ಲಿ ವಾಸಿಸಬೇಕೆಂಬ ಷರತ್ತು ಇರುವುದುಂಟು. ಸಂಸಾರಸ್ಥೆ ಗಂಡ–ಮಕ್ಕಳನ್ನು ಬಿಟ್ಟು ಹುಡುಗಿಯರ ಜೊತೆ ಬಂಕ್ ಮಂಚದಲ್ಲಿ ಮಲಗುವುದು ಆಗದ ಮಾತು. ವಿನಾಯಿತಿ ಕೊಡುತ್ತೇವೆ ಎಂಬ ಬಾಯಿಮಾತನ್ನು ನಂಬದೆ, ವಸತಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಅದನ್ನು ಬರಹದಲ್ಲಿ ಪಡೆಯಿರಿ. ಮನೆಯಲ್ಲಿ ಇರದ ಸದಸ್ಯರೂ ಮನೆಯ ನಿರ್ವಹಣೆಗೆಂದು ಒಂದು ಮೊತ್ತ ಕಟ್ಟಬೇಕಾಗಬಹುದು. ಅದೂ ಅದೇ ಪತ್ರದಲ್ಲಿ ಬರಲಿ.

ಐದನೆಯ ಹೆಜ್ಜೆ: ವಯಸ್ಸನ್ನು ಹೇಗೆ ಹೇಳುವುದು?

ಮುಚ್ಚಿಡಬೇಡಿ, ಮೊದಲ ವಾಕ್ಯದಲ್ಲೇ ಘೋಷಿಸಲೂ ಬೇಡಿ. "ಕೆಲವು ವರ್ಷ ಕೆಲಸ ಮಾಡಿದ ಮೇಲೆ ಓದಲು ಬಂದೆ, ಈಗ ಮೂರನೆಯ ವರ್ಷ, ಇನ್ನೂ ನಾಲ್ಕು ಸೆಮಿಸ್ಟರ್ ಇರುತ್ತೇನೆ" ಎಂಬ ಒಂದು ಮಾತಿನಲ್ಲಿ ವಯಸ್ಸೂ ಬಂತು, ಚಾಪ್ಟರಿನವರು ಮನಸ್ಸಿನಲ್ಲಿ ಹಾಕುತ್ತಿರುವ ಲೆಕ್ಕಕ್ಕೆ ಉತ್ತರವೂ ಬಂತು. "ನಿಮ್ಮ ನಡುವೆ ನಾನು ಮುದುಕಿ" ಎಂಬಂಥ ಹಾಸ್ಯ ಬೇಡವೇ ಬೇಡ. ಹೇಳುವವರಿಗೆ ಅದು ವಿನಯ, ಕೇಳುವ 19ರ ಹುಡುಗಿಗೆ ಸಮಾಧಾನ ಹೇಳಬೇಕಾದ ಹೊರೆ.

ರಶ್‌ನ ಮಾತುಕತೆಯಲ್ಲಿ ಎತ್ತಬಾರದ ವಿಷಯಗಳಿಗೆ ಇಂಗ್ಲಿಷಿನಲ್ಲಿ 'ಬಿ' ಅಕ್ಷರದ ಒಂದು ಪಟ್ಟಿಯೇ ಇದೆ: ಹುಡುಗರು (ಬಾಯ್ಸ್), ಮದ್ಯ (ಬೂಜ್), ರಾಜಕೀಯ (ಬ್ಯಾಲಟ್), ಧರ್ಮ (ಬೈಬಲ್), ಹಣ (ಬಕ್ಸ್). ಹುಡುಗಿಯರಿಗೆ ಇದನ್ನು ಪಾಲಿಸುವುದು ಸುಲಭ. ಗಂಡ, ಸಂಬಳ, ಮನೆಸಾಲ, ಮನೆಯ ಪೂಜೆ ಎಲ್ಲವೂ ದಿನದ ಮಾತೇ ಆಗಿರುವವರಿಗೆ ಕಷ್ಟ. ಸಂಸಾರ ಇದೆ ಎಂದು ಹೇಳಿ, ಅದರ ಕತೆ ಹೇಳಲು ಹೋಗಬೇಡಿ. ಬದಲಿಗೆ ಆ ಸಂಘದ ಸೇವಾಕಾರ್ಯ ಯಾವುದೆಂದು ಮೊದಲೇ ಓದಿಕೊಂಡು ಹೋಗಿ. ಜೀಟಾ ಟಾವ್ ಆಲ್ಫಾ ಸ್ತನ ಕ್ಯಾನ್ಸರ್ ಜಾಗೃತಿಗೆ ದುಡಿಯುತ್ತದೆ. ಕಾಪಾ ಆಲ್ಫಾ ಥೀಟಾ ನ್ಯಾಯಾಲಯದಲ್ಲಿ ನಿರ್ಲಕ್ಷ್ಯಕ್ಕೆ ಹಾಗೂ ದೌರ್ಜನ್ಯಕ್ಕೊಳಗಾದ ಮಕ್ಕಳ ಪರ ನಿಲ್ಲುವ ಸ್ವಯಂಸೇವಕರನ್ನು ಬೆಂಬಲಿಸುತ್ತದೆ. ಆಲ್ಫಾ ಡೆಲ್ಟಾ ಪೈ, ಆಸ್ಪತ್ರೆಯಲ್ಲಿರುವ ಮಕ್ಕಳ ತಂದೆತಾಯಿಯರು ತಂಗುವ ರೊನಾಲ್ಡ್ ಮೆಕ್‌ಡೊನಾಲ್ಡ್ ಮನೆಗಳಿಗೆ ನೆರವಾಗುತ್ತದೆ. ಅತ್ತೆಯ ಕೀಮೋಥೆರಪಿಗೆ ಜೊತೆಯಾಗಿ ಕುಳಿತವರು, ಆಸ್ಪತ್ರೆಯ ಕಾರಿಡಾರಿನಲ್ಲಿ ಮಗುವಿಗಾಗಿ ರಾತ್ರಿ ಕಳೆದವರು ಈ ವಿಷಯಗಳನ್ನು ಮಾತಾಡಿದರೆ ಅದು ಕಂಠಪಾಠದ ಮಾತಾಗಿರುವುದಿಲ್ಲ.

ಆರನೆಯ ಹೆಜ್ಜೆ: ಬಿಡ್ ಬಂದ ಮೇಲೆ

ಹೊಸ ಸದಸ್ಯರ ಅವಧಿ ಸಾಮಾನ್ಯವಾಗಿ ಆರರಿಂದ ಎಂಟು ವಾರ. ವಾರಕ್ಕೊಂದು ತರಗತಿಯಂಥ ಸಭೆ, ಸಂಘದ ಚರಿತ್ರೆಯ ಪಾಠ, ಕೊನೆಗೆ ದೀಕ್ಷೆ. ದೀಕ್ಷಾವಿಧಿ ಗುಟ್ಟಿನದು, ಅದರಲ್ಲಿ ಧಾರ್ಮಿಕ ಪ್ರತಿಜ್ಞೆ ಇದೆಯೇ ಎಂದು ಮಾತ್ರ ಮೊದಲೇ ಕೇಳಬಹುದು, ಕೇಳುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಈ ವಾರಗಳಲ್ಲಿ ನಿಮಗೊಬ್ಬಳು 'ಬಿಗ್', ಅಂದರೆ ಅಕ್ಕ, ಸಿಗುತ್ತಾಳೆ. ನೀವು ಆಕೆಯ 'ಲಿಟಲ್'. ಆಕೆಗೆ 19 ಅಥವಾ 20 ಇರಬಹುದು. ಹಿರಿತನವನ್ನು ವಯಸ್ಸಿನಿಂದಲೇ ಅಳೆದು ಬೆಳೆದ ನಮಗೆ ಇದು ಮೊದಮೊದಲು ಕಸಿವಿಸಿ ತರುತ್ತದೆ. ಆದರೆ ಕೂಡುಕುಟುಂಬದಲ್ಲಿ ವಯಸ್ಸಿನಲ್ಲಿ ಚಿಕ್ಕವಳಾದ ಓರಗಿತ್ತಿ ಮೊದಲು ಮನೆ ತುಂಬಿದ ಕಾರಣಕ್ಕೆ ಹಿರಿಸೊಸೆಯಾಗಿ ನಡೆಯುವುದನ್ನು ಕಂಡವರಿಗೆ ಈ ಲೆಕ್ಕ ಹೊಸದೇನಲ್ಲ. ಆಕೆಗೆ ಬುದ್ಧಿ ಹೇಳಲು ಹೋಗದೆ, ಆ ಮನೆಯ ರೀತಿ–ರಿವಾಜನ್ನು ಆಕೆಯಿಂದ ಕಲಿಯುವುದು ಮೊದಲ ಸೆಮಿಸ್ಟರಿನ ಕೆಲಸ. ಎಲ್ಲರ ಅಮ್ಮನ ಪಾತ್ರ ತಾನಾಗಿ ನಿಮ್ಮ ಕಡೆ ಬರುತ್ತದೆ, ಅದನ್ನು ಮೈಮೇಲೆ ಎಳೆದುಕೊಂಡರೆ ಗೆಳೆತನ ಕೈತಪ್ಪುತ್ತದೆ.

ಎರಡು ವಿಷಯಗಳಲ್ಲಿ ಮಾತ್ರ ವಯಸ್ಸನ್ನು ನೆನಪಿಟ್ಟುಕೊಳ್ಳಲೇಬೇಕು. ಒಂದು, ಮದ್ಯ. ಅಮೆರಿಕದಲ್ಲಿ ಕುಡಿಯಲು 21 ಆಗಿರಬೇಕು. ನಿಮ್ಮ ಜೊತೆ ಸೇರಿದವರಲ್ಲಿ ಹೆಚ್ಚಿನವರಿಗೆ ಅಷ್ಟಾಗಿರುವುದಿಲ್ಲ. ಪ್ಯಾನ್‌ಹೆಲೆನಿಕ್ ಸಂಘಗಳ ಮನೆಗಳಲ್ಲಿ ಸಾಮಾನ್ಯವಾಗಿ ಮದ್ಯಕ್ಕೆ ಅವಕಾಶವಿಲ್ಲ, ಆದರೆ ಹೊರಗಿನ ಪಾರ್ಟಿಗೆ "ನೀವೇ ತಂದುಕೊಡಿ" ಎಂದು ನಗುನಗುತ್ತಾ ಕೇಳುವವರು ಇರುತ್ತಾರೆ. ತಂದುಕೊಟ್ಟರೆ ಅದು ಅಪರಾಧ, ವೀಸಾದ ಮೇಲಿರುವವರಿಗೆ ಪೊಲೀಸ್ ಪ್ರಕರಣದ ಪರಿಣಾಮ ದಂಡಕ್ಕೆ ನಿಲ್ಲದಿರಬಹುದು. ಮೊದಲ ಸಲ ಕೇಳಿದಾಗಲೇ ಆಗುವುದಿಲ್ಲ ಎಂದರೆ ಎರಡನೆಯ ಸಲ ಕೇಳುವುದಿಲ್ಲ.

ಇನ್ನೊಂದು, 'ಹೇಜಿಂಗ್', ನಮ್ಮ ಮಾತಿನಲ್ಲಿ ರ‍್ಯಾಗಿಂಗ್. ನಿದ್ದೆಗೆಡಿಸುವುದು, ಅವಮಾನಿಸುವುದು, ಬಲವಂತದಿಂದ ಕುಡಿಸುವುದು, ಸೇವೆ ಮಾಡಿಸಿಕೊಳ್ಳುವುದು ಎಲ್ಲವೂ ಅದರಲ್ಲಿ ಬರುತ್ತವೆ. 2024ರ ಡಿಸೆಂಬರಿನಲ್ಲಿ ಅಂಗೀಕಾರವಾದ 'ಸ್ಟಾಪ್ ಕ್ಯಾಂಪಸ್ ಹೇಜಿಂಗ್' ಕಾಯ್ದೆಯ ಪ್ರಕಾರ ವಿಶ್ವವಿದ್ಯಾಲಯಗಳು ತಪ್ಪಿತಸ್ಥ ಸಂಘಗಳ ವಿವರವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಬಿಡ್ ಒಪ್ಪುವ ಮುಂಚೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಆ ವರದಿಯನ್ನು ತೆರೆದು ಚಾಪ್ಟರಿನ ಹೆಸರಿದೆಯೇ ನೋಡುವುದು ಹತ್ತು ನಿಮಿಷದ ಕೆಲಸ. ಕಣ್ಣೆದುರು ನಡೆದರೆ, ಎದ್ದು ಹೊರಡುವ ಧೈರ್ಯ 18ರವರಿಗಿಂತ ನಿಮಗೆ ಹೆಚ್ಚಿರುತ್ತದೆ. ನಿಮ್ಮ ಹಿಂದೆ ಇನ್ನಿಬ್ಬರು ಎದ್ದು ಬರುವುದೂ ಉಂಟು.

ಏಳನೆಯ ಹೆಜ್ಜೆ: ಬಿಡ್ ಬಾರದಿದ್ದರೆ

ಶರತ್ಕಾಲದಲ್ಲಿ ಆಗದಿದ್ದದ್ದು ಜನವರಿಯಲ್ಲಿ ಆಗಬಹುದು, ಏಕೆಂದರೆ ಡಿಸೆಂಬರಿನಲ್ಲಿ ಪದವಿ ಮುಗಿಸಿ ಹೋದವರ ಜಾಗ ತೆರವಾಗಿರುತ್ತದೆ. ರಶ್‌ನಲ್ಲಿ ಭಾಗವಹಿಸಿ ಯಾವ ಬಿಡ್ಡೂ ಬಾರದವರಿಗೆ ಸಿಓಬಿ ಬಾಗಿಲು ಮುಚ್ಚುವುದಿಲ್ಲ. ವಸಂತದ ಸೆಮಿಸ್ಟರಿನ ಮೊದಲ ವಾರ ಮತ್ತೊಮ್ಮೆ ಕಚೇರಿಗೆ ಬರೆಯಿರಿ.

ಕಾಲೇಜು ಮುಗಿದೇ ಹೋದರೂ ಹಲವು ಪ್ಯಾನ್‌ಹೆಲೆನಿಕ್ ಸಂಘಗಳಲ್ಲಿ 'ಅಲಮ್ನಾ ಇನಿಷಿಯೇಟ್' ಎಂಬ ದಾರಿಯಿದೆ. ಕಾಲೇಜಿನಲ್ಲಿ ಸದಸ್ಯರಾಗಿರದ ಹೆಂಗಸನ್ನು ಹಳೆಯ ವಿದ್ಯಾರ್ಥಿನಿಯರ ಬಳಗ ಶಿಫಾರಸು ಮಾಡಿ ನೇರವಾಗಿ ದೀಕ್ಷೆ ಕೊಡಿಸುವ ಕ್ರಮ ಅದು. 20ರ ಹುಡುಗಿಯರ ನೃತ್ಯದ ಸುತ್ತು ಬೇಡ, ಸಮವಯಸ್ಕರ ಒಡನಾಟ ಸಾಕು ಎನ್ನುವವರಿಗೆ ಇದೇ ಹೆಚ್ಚು ಒಪ್ಪುತ್ತದೆ ಎಂದು ನನಗನ್ನಿಸುತ್ತದೆ. ಊರಿನಲ್ಲಿ ಅಂಥ ಅಲಮ್ನೆ ಬಳಗ ಇದೆಯೇ ಎಂದು ಆಯಾ ಸಂಘದ ಕೇಂದ್ರ ಕಚೇರಿಯ ತಾಣದಲ್ಲಿ ಹುಡುಕಬಹುದು.

ಕಾಲೇಜು ಸೊರೋರಿಟಿಗಳ ಹಂಗಿಲ್ಲದ ಬಳಗಗಳೂ ಇವೆ. ಅಯೋವಾದ ಮೌಂಟ್ ಪ್ಲೆಸೆಂಟ್‌ನಲ್ಲಿ 1869ರಲ್ಲಿ ಏಳು ವಿದ್ಯಾರ್ಥಿನಿಯರು ಕಟ್ಟಿದ ಪಿ.ಇ.ಓ. ಸಿಸ್ಟರ್‌ಹುಡ್, ಓದು ನಿಂತುಹೋಗಿ ಮರಳಿ ಕಾಲೇಜಿಗೆ ಬಂದ ಹೆಂಗಸರಿಗೆಂದೇ ಧನಸಹಾಯದ ಯೋಜನೆಯೊಂದನ್ನು ನಡೆಸುತ್ತದೆ. ವಿದೇಶದಿಂದ ಬಂದು ಸ್ನಾತಕೋತ್ತರ ಓದುವವರಿಗೆ ಅದರದೇ ಇನ್ನೊಂದು ವಿದ್ಯಾರ್ಥಿವೇತನವಿದೆ. ಕನ್ಸಾಸ್‌ನ ಅಬಿಲೀನ್‌ನಲ್ಲಿ 1931ರಲ್ಲಿ ಆರಂಭವಾದ ಬೀಟಾ ಸಿಗ್ಮಾ ಫೈಗೆ ಸೇರಲು ಕಾಲೇಜೇ ಬೇಕಿಲ್ಲ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆಲ್ಫಾ ಸಿಗ್ಮಾ ಲ್ಯಾಂಬ್ಡಾ ಸೊರೋರಿಟಿಯಲ್ಲ, ತಡವಾಗಿ ಓದುತ್ತಿರುವವರ ಗೌರವ ಸಂಘ. ಅದಕ್ಕೆ ಮೇಜು, ಸುತ್ತು, ಬಿಡ್ ಯಾವುದೂ ಇಲ್ಲ. ಅಂಕಗಳು ಅರ್ಹವಾದಾಗ ವಿಶ್ವವಿದ್ಯಾಲಯದ ಚಾಪ್ಟರಿನಿಂದಲೇ ಆಹ್ವಾನ ಬರುತ್ತದೆ. ನಿಮ್ಮಲ್ಲಿ ಆ ಚಾಪ್ಟರ್ ಇದೆಯೇ ಎಂಬುದನ್ನು, ಸೊರೋರಿಟಿ ಕಚೇರಿಗೆ ಪತ್ರ ಬರೆಯುವ ದಿನವೇ, ವಯಸ್ಕ ವಿದ್ಯಾರ್ಥಿಗಳ ಸಲಹೆಗಾರರನ್ನು ಕೇಳಿಟ್ಟುಕೊಳ್ಳಿ.